ಆಷಾಢದಲ್ಲಿ ಇಂಟರ್ನ್‌ಶಿಪ್

ಜೂನ್ 27, ಶುಕ್ರವಾರ

ಇವತ್ತೂ ಹೊಲಿಗೆಯೇ. ಶಾಮಿಯಾನದ ಹರಿದ ಅಂಚನ್ನು ತೊಡೆಯ ಮೇಲೆ ಹಾಕಿಕೊಂಡು ದಬ್ಬಳದಲ್ಲಿ ಹೊಲಿದದ್ದೇ ಹೊಲಿದದ್ದು. ಕೆಂಪು ಪಟ್ಟಿ, ಹಳದಿ ಪಟ್ಟಿ, ಮತ್ತೆ ಕೆಂಪು. ಮನೆಗೆ ಬಂದು ಕಣ್ಣು ಮುಚ್ಚಿದರೂ ಅವೇ ಪಟ್ಟಿಗಳು. ಬೇಜಾರೇನಿಲ್ಲ. ಬೆಳಗ್ಗೆ ಶೇವ್ ಮಾಡಿಕೊಳ್ಳಲು ಒಂದು ಕಾರಣ ಸಿಕ್ಕಿತಲ್ಲ. ಹೆಂಡತಿ ಲಕ್ಷ್ಮಿದೇವಿ ತೀರಿಕೊಂಡ ಮೇಲೆ ಅದೂ ವಾರಕ್ಕೊಮ್ಮೆ ಆಗಿತ್ತು.

ಬಿ.ಎ. ಕೊನೇ ಸೆಮಿಸ್ಟರಿಗೆ ಇಂಟರ್ನ್‌ಶಿಪ್ ಕಂಪಲ್ಸರಿ ಎಂದು ದೂರಶಿಕ್ಷಣದ ಆಫೀಸಿನ ಹುಡುಗಿ ಫೋನಿನಲ್ಲಿ ಹೇಳಿದಾಗ ನಕ್ಕುಬಿಟ್ಟಿದ್ದೆ.

"ನಾನು ಕೆ.ಎಸ್.ಆರ್.ಟಿ.ಸಿ. ಕಂಡಕ್ಟರಾಗಿ ರಿಟೈರ್ ಆದೋನು ಕಣಮ್ಮ. ಇನ್ಯಾವ ಕೆಲಸಕ್ಕೆ ಟ್ರೈನಿಂಗು?"

"ರೂಲ್ಸ್ ಎಲ್ಲರಿಗೂ ಒಂದೇ ಸರ್. ಇಂಟರ್ನ್‌ಶಿಪ್ ಮಾಡಿದ್ರೆ ಜಾಬ್ ಸಿಗೋ ಚಾನ್ಸ್ ಜಾಸ್ತಿ."

ನನಗೆ ಜಾಬ್. ಅರವತ್ತು ದಾಟಿದ ಮೇಲೆ. ಹರೆಯದಲ್ಲಿ ಕಂಡಕ್ಟರ್ ಆರ್ಡರ್ ಬಂತೆಂದು ಬಿ.ಎ. ಅರ್ಧಕ್ಕೆ ಬಿಟ್ಟವನು. ಈಗ ಬಿ.ಎ. ಮುಗಿಸಲು ಹೊರಟರೆ ಮತ್ತೆ ಕೆಲಸ ಅಂತಾರೆ. ಐರನಿ — ಈ ಪದ ಸರಿಯಾದ ಜಾಗದಲ್ಲೇ ಬಿತ್ತು ಅಂದುಕೊಂಡಿದ್ದೇನೆ.

ಆಫೀಸುಗಳಲ್ಲೆಲ್ಲ ನನ್ನ ನರೆಗೂದಲು ನೋಡಿ ಟೀ ಕುಡಿಸಿ ಕಳಿಸಿದರು. ಬಾ ಅಂದವನು ಹುಣಸೂರು ಬಸ್‌ಸ್ಟ್ಯಾಂಡ್ ಹಿಂದಿನ ಶಾಮಿಯಾನ ಅಂಗಡಿಯ ನಂಜಣ್ಣ ಒಬ್ಬನೇ. "ಬನ್ನಿ ಕಂಡಕ್ಟ್ರೇ. ಆದ್ರೆ ಆಷಾಢ ಕಣ್ರೀ. ಮದ್ವೆ ಇಲ್ಲ, ಗೃಹಪ್ರವೇಶ ಇಲ್ಲ. ಹರಿದದ್ದ ಹೊಲ್ಯೋದು ಬುಟ್ರೆ ಏನೂ ಕಲಿಯಾಕಿಲ್ಲ" ಅಂದ.

ಇನ್ನೊಬ್ಬಳು ಇಂಟರ್ನ್ ಇದ್ದಾಳೆ. ನೀಲಾಂಬಿಕೆ. ಗಾವಡಗೆರೆ ಕಡೆಯವಳು, ಇಲ್ಲಿಯ ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ. ಅವಳ ಕಾಲೇಜಿನವರೂ ಸರಿಯಾಗಿ ಆಷಾಢಕ್ಕೇ ಇಟ್ಟಿದ್ದಾರೆ. ಪಂಚಾಂಗ ನೋಡುವವರು ಯೂನಿವರ್ಸಿಟಿಯಲ್ಲಿ ಯಾರೂ ಇಲ್ಲ ಅಂತ ಕಾಣುತ್ತದೆ.

ಜೂನ್ 30, ಸೋಮವಾರ

ಊಟದ ಹೊತ್ತಿಗೆ ನೀಲ ಡಬ್ಬಿ ಬಿಚ್ಚಿ ಹುರುಳಿಕಾಳಿನ ಸಾರು ಕೊಟ್ಟಳು. ನನ್ನದು ಎಂದಿನ ಚಿತ್ರಾನ್ನ. ಮಾತು ಶುರುವಾಯಿತು.

"ನೀವು ಸುಮ್ನೆ ಮಾರ್ಕ್ಸಿಗೆ ಬಂದಿದ್ದೀರಿ ಅಂಕಲ್. ನನಗೆ ಹಂಗಲ್ಲ. ನಂಜಣ್ಣ ಈ ಸಲ ಒಬ್ಬರನ್ನ ಖಾಯಂ ಇಟ್ಕೋತಾರಂತೆ. ಬುಕಿಂಗು, ಲೆಕ್ಕ, ಓಡಾಟ ಎಲ್ಲ ನೋಡ್ಕೊಳ್ಳೋಕೆ. ಆ ಕೆಲಸ ನನಗೆ ಬೇಕು."

ಅವಳಿಗೆ ಅಪ್ಪ ಇಲ್ಲ. ಅಮ್ಮ ಮಂಗಳಮ್ಮ ಶುಂಠಿ ತೊಳೆಯುವ ಕಡೆ ಕೂಲಿಗೆ ಹೋಗುತ್ತಾಳೆ. ಸೋದರಮಾವ ಪಿರಿಯಾಪಟ್ಟಣದ ಕಡೆಯಿಂದ ಒಂದು ಸಂಬಂಧ ತಂದಿದ್ದಾನೆ. ಶ್ರಾವಣದೊಳಗೆ ಕೆಲಸ ಸಿಕ್ಕಿದರೆ ಎರಡು ವರ್ಷ ಮದುವೆಯ ಮಾತಿಲ್ಲ. ಸಿಗದಿದ್ದರೆ ಶ್ರಾವಣದಲ್ಲೇ ನಿಶ್ಚಿತಾರ್ಥ. ಹಾಗೆಂದು ಮನೆಯಲ್ಲಿ ಒಪ್ಪಂದ.

"ಹುಡುಗ ಚೆನ್ನಾಗಿಲ್ವ?" ಅಂದೆ.

"ಚೆನ್ನಾಗೇ ಇದ್ದಾನೆ. ನಾನೇ ಇನ್ನೂ ಏನೂ ಆಗಿಲ್ಲ."

ಆಷಾಢದಲ್ಲಿ ಹೆಣ್ಣು ನೋಡಲು ಯಾರೂ ಬರುವುದಿಲ್ಲ. ಅದೇ ಅವಳಿಗೆ ಸಿಕ್ಕ ಬಿಡುವು. ಆದರೆ ಅದೇ ಆಷಾಢದಲ್ಲಿ ಶಾಮಿಯಾನ ಅಂಗಡಿಯಲ್ಲಿ ಕೆಲಸ ತೋರಿಸುವುದು ಹೇಗೆ. ಹೊಲಿದೇ ತೋರಿಸಬೇಕು. ಪಾಪ, ಅವಳ ಹೊಲಿಗೆ ನನ್ನದಕ್ಕಿಂತ ಕಡೆ.

ಜುಲೈ 2, ಬುಧವಾರ

ನಂಜಣ್ಣ ಸಂಸಾರ ಸಮೇತ ಧರ್ಮಸ್ಥಳ, ಕುಕ್ಕೆ ಅಂತ ಹೊರಟ. ಬೀಗದ ಕೈ ನಮ್ಮಿಬ್ಬರಿಗೆ. ಪ್ರತೀ ಆಷಾಢ ಹೀಗೇ ಅಂತೆ — ಅಂಗಡಿಯ ಫೋನು ಸ್ವಿಚ್ ಆಫ್ ಮಾಡಿ ಡ್ರಾಯರಿನಲ್ಲಿಟ್ಟು ಹೋಗುವುದು.

"ಯಾರಾರ ಫೋನ್ ಮಾಡಿದ್ರೆ?" ಅಂದಳು ನೀಲ.

"ಆಷಾಢದಲ್ಲಿ ಯಾವನ್ ಮಾಡಾನವ್ವ. ನೀವ್ ಹೊಲೀರಿ ಸಾಕು."

ಅವನು ಆ ಕಡೆ ತಿರುಗಿದ. ಇವಳು ಡ್ರಾಯರ್ ತೆಗೆದು ಫೋನು ಆನ್ ಮಾಡಿದಳು. ಸಂಜೆಯವರೆಗೆ ಒಂದು ಬುಕಿಂಗೂ ಬರಲಿಲ್ಲ. ಲೋನ್ ಕೊಡುವವರ ಫೋನೊಂದು ಬಂತು. ನನಗೆ ಇಂಗ್ಲಿಷ್ ಅಭ್ಯಾಸವಾಗಲಿ ಎಂದು ನಾನೇ ಮಾತಾಡಿದೆ. 'ಇನ್ ದಿಸ್ ಕನೆಕ್ಷನ್' ಎಂದು ಶುರು ಮಾಡಿದೆ. ಆಕೆಯೇ ಇಟ್ಟುಬಿಟ್ಟಳು.

ಜುಲೈ 4, ಶುಕ್ರವಾರ

ನೀಲ ದಬ್ಬಳ ಕೆಳಗಿಟ್ಟು ಇದ್ದಕ್ಕಿದ್ದಂತೆ ಕೇಳಿದಳು. "ಅಂಕಲ್, ಆಷಾಢ ಇಲ್ಲದೋರು ಯಾರಿದ್ದಾರೆ?"

ಎಂಥಾ ಪ್ರಶ್ನೆ. ಬಿ.ಎ.ಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಸುಮ್ಮನೆ ನನ್ನ ಹಳೆಯ ರೂಟುಗಳನ್ನು ಮನಸ್ಸಿನಲ್ಲೇ ಓಡಿಸಿದೆ. ಹುಣಸೂರು–ಕೆ.ಆರ್. ನಗರ, ಸಾಲಿಗ್ರಾಮ... ಹುಣಸೂರು–ಎಚ್.ಡಿ. ಕೋಟೆ... ಗುರುಪುರ ಬಂದ ಕೂಡಲೇ ಸೀಟಿ ಊದಿದ ಹಾಗಾಯಿತು. ಟಿಬೆಟಿಯನ್ ಕ್ಯಾಂಪ್. ಅವರ ಕ್ಯಾಲೆಂಡರೇ ಬೇರೆ. ಜುಲೈನಲ್ಲಿ ಫುಟ್‌ಬಾಲ್ ಬೂಟು ಕೊರಳಿಗೆ ಹಾಕಿಕೊಂಡ ಹುಡುಗರು ನನ್ನ ಬಸ್ಸಿನ ಫುಟ್‌ಬೋರ್ಡ್ ತುಂಬಾ ನಿಲ್ಲುತ್ತಿದ್ದರು.

"ನಾಳೆ ಹೋಗೋಣ" ಅಂದಳು. ಅಂಗಡಿ? "ಬೀಗ ಹಾಕಿದ್ರೆ ಆಯ್ತು. ಹೆಂಗೂ ಆಷಾಢ."

ಜುಲೈ 5, ಶನಿವಾರ

ಮಾತಾಡಿ ಮಾತಾಡಿ ಗಂಟಲು ಕಟ್ಟಿದೆ. ಆದರೂ ಬರೆಯಲೇಬೇಕು.

ಬಸ್ಸಿನಲ್ಲಿ ಮೊದಲ ತಮಾಷೆ. ಹೊಸ ಕಂಡಕ್ಟರ್ ಹುಡುಗ, ನನ್ನ ಗುರುತಿಲ್ಲ. ರಿಟೈರಾದವರ ಪಾಸು ಮನೆಯಲ್ಲಿ ಬಿಟ್ಟಿದ್ದೆ. ನೀಲನಿಗೆ ಹೆಣ್ಣುಮಕ್ಕಳ ಫ್ರೀ ಟಿಕೆಟ್ಟು, ಜೀವಮಾನವೆಲ್ಲ ಟಿಕೆಟ್ ಹರಿದ ನಾನು ದುಡ್ಡು ಕೊಟ್ಟು ಕೂತೆ. ಅವಳು ಗುರುಪುರ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿ ನಕ್ಕಳು.

ಕ್ಯಾಂಪಿನಲ್ಲಿ ದೋರ್ಜೆ ಸಿಕ್ಕ, ಆ ಫುಟ್‌ಬೋರ್ಡ್ ಹುಡುಗರಲ್ಲೊಬ್ಬ. ಸ್ವೆಟರ್ ವ್ಯಾಪಾರ, ಜೊತೆಗೆ ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಸೆಕ್ರೆಟರಿ. ನನ್ನನ್ನು ನೋಡಿದವನೇ "ಕಂಡಕ್ಟರ್ ಅಣ್ಣ, ನನ್ನ ಬಾಲ್ ಬಸ್ ಟಾಪ್ ಮೇಲೆ ಹಾಕಿ ಮೈಸೂರಿಗೆ ಕಳ್ಸಿದ್ದಿರಿ" ಅಂದ. ನೆನಪಿಲ್ಲ. ಇರಬಹುದು. ಅವನ ಹೆಂಡತಿ ಬೆಣ್ಣೆ ಹಾಕಿದ ಉಪ್ಪು ಟೀ ಕೊಟ್ಟಳು. ಎರಡನೇ ಲೋಟ ನಾನೇ ಕೇಳಿ ಕುಡಿದೆ. ಆಮೇಲೆ ಹಳೇ ಬಸ್ಸುಗಳು, ಹಳೇ ಡ್ರೈವರುಗಳು, ರಸ್ತೆಗೆ ಬಂದ ಆನೆ... ಹೊತ್ತು ಹೋದದ್ದು ತಿಳಿಯಲಿಲ್ಲ.

ಕಡೆಗೆ ನೀಲನೇ ವಿಷಯಕ್ಕೆ ಬಂದಳು. ಅವರ ಟೂರ್ನಮೆಂಟು ಜುಲೈ ಇಪ್ಪತ್ತೇಳರಿಂದ ಆಗಸ್ಟ್ ಮೂರರವರೆಗೆ. ಶಾಮಿಯಾನ, ಕುರ್ಚಿ ಎಲ್ಲಾ ಬೇಕು. ಪ್ರತೀ ವರ್ಷ ದೂರದಿಂದ ತರಿಸುತ್ತಾರೆ.

"ಹುಣಸೂರಲ್ಲಿ ಕೇಳಬಾರ್ದಿತ್ತಾ?"

"ಫೋನ್ ಮಾಡ್ತೀವಿ ಅಮ್ಮ. ಪ್ರತಿ ಸಾರಿ ಸ್ವಿಚ್ ಆಫ್. ನಾವು ತಿಳ್ಕೊಂಡ್ವಿ, ನಿಮ್ಮೋರಿಗೆ ನಮ್ಮ ಕೆಲಸ ಇಷ್ಟ ಇಲ್ಲ."

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಷಾಢ ಅಂದರೇನೆಂದು ಅವನಿಗೆ ವಿವರಿಸಲು ಮತ್ತೊಂದು ಲೋಟ ಟೀ ಆಯಿತು.

ನಾನು ಟೀ ಕುಡಿಯುವಷ್ಟರಲ್ಲಿ ನೀಲ ಮೈದಾನ ಸುತ್ತಿ ಬಂದಳು. ಗಾಳಿ ಯಾವ ಕಡೆಯಿಂದ, ನೀರು ಎಲ್ಲಿ ನಿಲ್ಲುತ್ತೆ ಎಂದೆಲ್ಲ ಕೇಳಿದಳು. ಬರೀ ಬಟ್ಟೆ ಸಾಲದು, ಮೇಲೆ ಟಾರ್ಪಾಲು ಹೊದಿಸಬೇಕು, ಹಿಂಬದಿಯನ್ನು ಗಾಳಿಗೆ ಕೊಟ್ಟು ಕಟ್ಟಬೇಕು ಅಂದಳು. ದೋರ್ಜೆ ಅಲ್ಲೇ ಅಡ್ವಾನ್ಸ್ ಕೊಟ್ಟ.

ವಾಪಸು ಬರುವಾಗ ಅವಳಿಗೆ ನಿದ್ದೆ. ನಾನು ನಿದ್ದೆ ಮಾಡಲಿಲ್ಲ. ಖುಷಿಗೆ.

ಜುಲೈ 9, ಬುಧವಾರ

ನಂಜಣ್ಣ ತಲೆ ಬೋಳಿಸಿಕೊಂಡು, ಪ್ರಸಾದದ ಸಮೇತ ಬಂದ. ಆರ್ಡರ್ ಕೇಳಿ ಕುರ್ಚಿ ಎಳೆದು ಕೂತ.

"ಆಷಾಢದಲ್ಲಿ ಬುಕಿಂಗಾ! ನಮ್ಮಪ್ಪನ ಕಾಲದಿಂದ ಇಲ್ಲ ಕಣ್ರೀ ಇದು. ಕಂಡಕ್ಟ್ರೇ, ಏನ್ ಬಾಯಿ ನಿಮ್ದು."

"ಕೇಳಿದ್ದು, ಅಳತೆ ನೋಡಿದ್ದು ಎಲ್ಲಾ ನೀಲ" ಅಂದೆ.

"ಇರಬೋದು ಬುಡಿ. ಬಾಗಿಲು ತೆಗ್ದಿದ್ದು ನಿಮ್ಮ ಬಾಯಿ."

ನೀಲ ಪ್ರಸಾದ ಕಣ್ಣಿಗೊತ್ತಿಕೊಂಡು ಒಳಗೆ ಹೋದಳು. ಟಾರ್ಪಾಲುಗಳನ್ನು ಹರವಿ ತೂತು ಹುಡುಕುವ ಕೆಲಸ ಅವಳದು.

ಜುಲೈ 14, ಸೋಮವಾರ

ಇವತ್ತು ನಂಜಣ್ಣ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದ. ಕೊಡಿಸಿ, ಕೆಲಸವನ್ನೂ ಕೊಟ್ಟ.

"ನೀವೇ ಇದ್ಬುಡಿ ಕಂಡಕ್ಟ್ರೇ. ನಾಕ್ ತಾಲೂಕಲ್ಲಿ ನಿಮ್ಮನ್ನ ಕಾಣದೋರಿಲ್ಲ. ನೀವ್ ಹೋಗಿ ಕೂತ್ರೆ ಬುಕಿಂಗ್ ಬತ್ತದೆ."

"ನೀಲ ಇದ್ದಾಳಲ್ಲ."

"ಒಳ್ಳೆ ಹುಡ್ಗಿ. ಇಲ್ಲ ಅನ್ನಾಕಿಲ್ಲ. ಆದ್ರೆ ಶ್ರಾವಣ ಬಂದ್ರೆ ಹಸೆಮಣೆ. ನಾನು ಕಲಿಸೋದು, ಅವಳು ಪಿರಿಯಾಪಟ್ಣಕ್ಕೆ ಹೋಗೋದು. ಆಮೇಲೆ?"

"ಕೆಲಸ ಸಿಕ್ಕಿದ್ರೆ ಮದುವೆ ಮುಂದಕ್ಕೆ ಹಾಕ್ತಾರಂತೆ."

"ಮದ್ವೆ ಆಗ್ದೆ ಇದ್ರೆ ಕೆಲಸ ಕೊಡ್ತೀನಿ. ಕೆಲಸ ಸಿಕ್ರೆ ಮದ್ವೆ ಮಾಡಾಕಿಲ್ಲ ಅಂತಾರೆ ಅವರು. ಯಾವ್ದು ಮೊದ್ಲು ಅಂತ ನಾನ್ ಯಾಕ್ ತಲೆ ಕೆಡಿಸ್ಕಳ್ಳಿ. ಯೋಚ್ನೆ ಮಾಡಿ ಹೇಳಿ."

'ಯೆಸ್' ಅನ್ನಲಿಲ್ಲ. 'ನೋ' ಕೂಡ ಅನ್ನಲಿಲ್ಲ. ದೋಸೆ ಗರಿಗರಿಯಾಗಿತ್ತು.

ಜುಲೈ 18, ಶುಕ್ರವಾರ

ಮೂರು ದಿನ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದಲ್ಲ.

ನಿಜ ಹೇಳಬೇಕೆಂದರೆ ಆಸೆ ಆಗಿದೆ. ಸಂಬಳಕ್ಕಲ್ಲ. ಹನ್ನೊಂದು ಗಂಟೆಯ ಟೀಗೆ. "ಯಾಕ್ರೀ ಲೇಟು" ಎಂದು ಕೇಳುವವರು ಒಬ್ಬರಿರುತ್ತಾರೆ. ಕೈಯಲ್ಲಿ ಚೀಲ ಹಿಡಿದು ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಾರೆ. ಮೊನ್ನೆ ಹೊಸ ಶರ್ಟೊಂದು ತೆಗೆದುಕೊಂಡೆ, ಆಕಾಶನೀಲಿ. ಕನ್ನಡಿಯಲ್ಲಿ ನೋಡಿಕೊಂಡೆ. ಖಾಕಿ ಬಿಟ್ಟ ಮೇಲೆ ಮೈಗೆ ಸರಿಯಾಗಿ ಕೂತದ್ದು ಇದೊಂದೇ.

ನೀಲನಿಗೆ ಹೇಳಿಲ್ಲ. ಅವಳು ಇವತ್ತು ತೂತು ಮುಚ್ಚಿದ ಟಾರ್ಪಾಲಿನ ಮೇಲೆ ಬಕೆಟ್ಟಿನಿಂದ ನೀರು ಸುರಿದು, ಕೆಳಗೆ ನನ್ನನ್ನು ನಿಲ್ಲಿಸಿದಳು. "ಹನಿ ಬಿತ್ತಾ ಅಂಕಲ್?" ಬೀಳಲಿಲ್ಲ. "ಶ್ರಾವಣ ಬರೋದ್ರೊಳಗೆ ನಂಜಣ್ಣ ಹೇಳಿಬಿಡ್ತಾರೆ ಅನ್ಸುತ್ತೆ" ಅಂದಳು. ನಾನು ಹೂಂ ಅಂದೆ. ಬರೀ ಹೂಂ.

ಇಂಟರ್ನ್‌ಶಿಪ್ ಮಾಡಿದರೆ ಕೆಲಸ ಸಿಗುತ್ತದೆ ಅಂದಿದ್ದಳಲ್ಲ ಆ ಫೋನಿನ ಹುಡುಗಿ. ಸುಳ್ಳಲ್ಲ. ಯಾರಿಗೆ ಎಂದು ಹೇಳಿರಲಿಲ್ಲ, ಅಷ್ಟೇ.

ಜುಲೈ 21, ಸೋಮವಾರ

ಇವತ್ತು ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಧ್ಯಾಹ್ನ ಅಂಗಡಿ ಮುಂದೆ ಸ್ಕೂಟರ್ ನಿಂತಿತು. ಇಳಿದವರು ಬಿಳಿ ಶರ್ಟು, ಜೇಬಿನಲ್ಲಿ ಕನ್ನಡಕ. ನೀಲ ಎದ್ದು ನಿಂತು "ಮಾವ" ಅಂದಳು. ಸೋದರಮಾವ ಮೂರ್ತಿ ಇವರೇ.

"ನಂಜಣ್ಣ, ಬರೋ ಮೂರ್‌ನೇ ತಾರೀಕು ಭಾನುವಾರಕ್ಕೆ ಒಂದ್ ಶಾಮಿಯಾನ ಬೇಕಲ್ಲ. ನಮ್ಮುಡುಗಿ ಇರೋ ಅಂಗ್ಡಿ ಅಂತ ಇಲ್ಲಿಗೇ ಬಂದೆ."

ಬುಕಿಂಗ್ ಬರೆಯುವುದು ನೀಲನ ಕೆಲಸ. ಪೆನ್ನು ತೆಗೆದಳು.

"ಎಲ್ಲಿಗೆ ಮಾವ?"

"ನಿಮ್ಮನೆ ಮುಂದಕ್ಕೇ."

"ಏನ್ ಫಂಕ್ಷನ್ನು?"

"ನಿಶ್ಚಿತಾರ್ಥ."

"ಯಾರ್ದು?"

"ನಿಂದೇ ಕಣವ್ವ. ಇನ್ಯಾರ್ದು."

ಅವಳ ಕಿವಿ ಕೆಂಪಾಯಿತು. ದನಿ ಮಾತ್ರ ಅಂಗಡಿಯದೇ. "ಮೂರ್‌ನೇ ತಾರೀಕು ಖಾಲಿ ಇಲ್ಲ ಮಾವ. ಎಲ್ಲಾ ಗುರುಪುರದ ಕ್ಯಾಂಪಲ್ಲಿರುತ್ತೆ. ಅವತ್ತು ಫೈನಲ್."

"ಚೆಂಡಾಟಕ್ಕೆ ಅದೆ, ನಿಶ್ಚಿತಾರ್ಥಕ್ಕಿಲ್ವ?"

ನಂಜಣ್ಣ ನಡುವೆ ಬಂದ. "ಅಲ್ಲಿಂದ ಒಂದ್ ಬಿಚ್ಕೊಂಡ್ ಬಂದ್ರಾಯ್ತು ಬುಡಿ. ಮೂರ್ತಿಯಣ್ಣ ನಮ್ಮೋರು."

"ಬೇಡಿ ಅಣ್ಣ" ಅಂದಳು ನೀಲ. "ಮೊದಲ್ನೇ ಸಲ ಅವರು ನಮ್ಮನ್ನ ನಂಬಿದ್ದಾರೆ. ಫೈನಲ್ ದಿನ ಜನ ನೆಂದ್ರೆ ಮುಂದಿನ ವರ್ಷ ಬೇರೆ ಕಡೆ ಹೋಗ್ತಾರೆ. ಕೊಟ್ಟ ಮೇಲೆ ಬಿಚ್ಚಬಾರದು."

ಮೂರ್ತಿ ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಯಿತು. ಕುರ್ಚಿ ಎಳೆದು ಕೂತು ಮೆಲ್ಲಗೆ ಅಂದರು. "ನಿಮ್ಮಮ್ಮ ಎಷ್ಟ್ ದಿನ ಅಂತ ತಣ್ಣೀರಲ್ಲಿ ಶುಂಠಿ ತೊಳೀತಾಳೆ ನೀಲ? ನಿನ್ನ ದಡ ಸೇರಿಸಿದ್ರೆ ಅವಳಿಗೂ ನೆಮ್ಮದಿ. ಕೆಲಸ ಸಿಕ್ರೆ ಬೇಡ ಅಂತ ನಾನೇ ಮಾತ್ ಕೊಟ್ಟಿದ್ದೆ. ಸಿಕ್ತಾ? ಹೇಳ್ಲಿ ನಂಜಣ್ಣ."

ನಂಜಣ್ಣ ನನ್ನ ಮುಖ ನೋಡಿದ. ನೀಲ ನಂಜಣ್ಣನ ಮುಖ ನೋಡಿದಳು. ಆಮೇಲೆ ಅವಳೂ ನನ್ನ ಕಡೆ ತಿರುಗಿದಳು.

ಬಸ್ಸಿನಲ್ಲಿ ಎಷ್ಟೋ ಜಗಳ ಬಿಡಿಸಿದ್ದೇನೆ. ಇವತ್ತಿನದು ನನ್ನದೇ; ದಬ್ಬಳ ಕೆಳಗಿಟ್ಟು ಎದ್ದು ನಿಂತೆ.

"ಆ ಕೆಲಸಕ್ಕೆ ನಂಜಣ್ಣ ನನ್ನನ್ನ ಕರೆದಿದ್ರು" ಅಂದೆ. "ಹೋದ ವಾರವೇ. ನಾನು ಏನೂ ಹೇಳಿರಲಿಲ್ಲ. ಈಗ ಹೇಳ್ತೀನಿ, ನನಗೆ ಬೇಡ. ಕ್ಯಾಂಪಲ್ಲಿ ನಾನು ಕುಡಿದದ್ದು ಟೀ. ಕೆಲಸ ಮಾಡಿದ್ದು ಈ ಹುಡುಗಿ."

ನಂಜಣ್ಣ ತನ್ನ ಬೋಳು ತಲೆ ಸವರಿಕೊಂಡ. "ಮೂರ್‌ನೇ ತಾರೀಕು ಕಳೀಲಿ ಮೂರ್ತಿಯಣ್ಣ. ಆಟ ನೆಟ್ಟಗೆ ಮುಗೀಲಿ. ಅವತ್ತೇ ಹೇಳ್ತೀನಿ."

ಮೂರ್ತಿ ಹೋದರು. ನೀಲ ಬುಕಿಂಗ್ ಪುಸ್ತಕ ಮುಚ್ಚಿ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಆಷಾಢ ಮುಗಿಯಿತು. ಲಕ್ಷ್ಮಿದೇವಿ ಪ್ರತೀ ವರ್ಷ ಈ ದಿನ ನನ್ನನ್ನು ಮಣೆಯ ಮೇಲೆ ಕೂರಿಸಿ ಕಾಲಿಗೆ ಪೂಜೆ ಮಾಡುತ್ತಿದ್ದಳು. ಡ್ಯೂಟಿಗೆ ಲೇಟಾಗುತ್ತೆ ಎಂದು ನಾನು ಗೊಣಗುತ್ತಿದ್ದೆ. "ಕೂತ್ಕೊಳ್ರೀ, ಬಸ್ಸು ನಿಮ್ಮನ್ನ ಬಿಟ್ಟು ಹೋಗಾಕಿಲ್ಲ" ಅನ್ನುತ್ತಿದ್ದಳು. ಪಕ್ಕದ ಮನೆಯವರು ಕಡುಬು ಕೊಟ್ಟರು. ಎರಡು ತಿಂದೆ.

ನೀಲನ ಸಿಟ್ಟು ಇಳಿದಿಲ್ಲ. ಟೀ ಲೋಟ ಇಡುತ್ತಾಳೆ, ಹೋಗುತ್ತಾಳೆ.

ಜುಲೈ 26, ಶನಿವಾರ

ಕ್ಯಾಂಪಿನಲ್ಲಿ ಕಂಬ ನೆಟ್ಟೆವು. ಗಾಳಿ ಬಟ್ಟೆಯನ್ನು ಕಿತ್ತುಕೊಳ್ಳುತ್ತಿತ್ತು. ಒಂದು ತುದಿ ನಾನು ಹಿಡಿದಿದ್ದೆ, ಇನ್ನೊಂದು ನೀಲ. ನಡುವೆ ಉದ್ದಕ್ಕೆ ಕೆಂಪು–ಹಳದಿ. ಆ ತುದಿಯಿಂದಲೇ ಕೂಗಿದಳು.

"ಅವತ್ತೇ ನನಗೆ ಹೇಳಬಹುದಿತ್ತಲ್ಲ ಅಂಕಲ್."

"ಆಸೆ ಆಗಿತ್ತು ಕಣಮ್ಮ."

"ನಿಮಗಾ? ಯಾಕೆ?"

"ಮನೆಯಲ್ಲಿ ಯಾರೂ ಇಲ್ಲ."

ಗಾಳಿಗೆ ಕೇಳಿಸಿತೋ ಇಲ್ಲವೋ. "ಗಟ್ಟಿಯಾಗಿ ಹಿಡ್ಕೊಳ್ಳಿ, ಜೋಲು ಬಿಡಬೇಡಿ" ಅಂದಳು. ಬೈದ ಹಾಗಿತ್ತು. ಸಮಾಧಾನವಾಯಿತು.

ಆಗಸ್ಟ್ 3, ಭಾನುವಾರ, ಸಂಜೆ

ಮೈ ಒರೆಸಿಕೊಂಡು ಬಿಸಿನೀರು ಕುಡಿದು ಕೂತಿದ್ದೇನೆ.

ಮಧ್ಯಾಹ್ನವೇ ಮಳೆ ಹಿಡಿಯಿತು. ಫೈನಲ್ ನಿಲ್ಲಿಸಲಿಲ್ಲ, ಆ ಹುಡುಗರಿಗೆ ಕೆಸರೇ ಇಷ್ಟ. ಜನ ಪೂರಾ ಶಾಮಿಯಾನದೊಳಗೆ. ನೋಡಿದರೆ ಹಿಂದಿನ ಸಾಲಿನಲ್ಲಿ ಕೊಡೆ ಹಿಡಿದು ಮಂಗಳಮ್ಮ ನಿಂತಿದ್ದಾಳೆ, ಪಕ್ಕದಲ್ಲಿ ಮೂರ್ತಿ. ಬೇರೆ ಅಂಗಡಿಗಳಲ್ಲೂ ಆ ದಿನಕ್ಕೆ ಶಾಮಿಯಾನ ಸಿಗಲಿಲ್ಲವಂತೆ. ಗಂಡಿನ ಕಡೆಯವರಿಗೆ ಮುಂದಿನ ವಾರ ಬನ್ನಿ ಎಂದು ಹೇಳಿ, ನಂಜಣ್ಣನ ಉತ್ತರ ಕೇಳಲು ಬಂದಿದ್ದರು.

ಸೆಕೆಂಡ್ ಹಾಫ್‌ನಲ್ಲಿ ಮೂಲೆಯ ಟಾರ್ಪಾಲಿನ ಮೇಲೆ ನೀರು ಕಟ್ಟಿಕೊಂಡು ಹೊಟ್ಟೆಯ ಹಾಗೆ ಜೋತುಬಿತ್ತು. ಕೆಳಗೆ ಕ್ಯಾಂಪಿನ ಮುದುಕಿಯರು ಕೂತಿದ್ದರು. ನಂಜಣ್ಣ "ಕಂಬ ಹಿಡೀರ್ಲಾ" ಎಂದು ಕೂಗುತ್ತಾ ಓಡಾಡಿದ. ನೀಲ ಓಡಲಿಲ್ಲ. ಒಂದು ಬಿದಿರು ತೆಗೆದುಕೊಂಡು ಆ ಹೊಟ್ಟೆಗೆ ಕೊಟ್ಟು ನಿಂತಳು. ಗಾಳಿಯ ಕಡೆ ಹಗ್ಗ ಬಿಗಿಯಿರಿ, ಈ ಕಡೆ ಸಡಿಲಿಸಿ, ನೀರು ಹೊರಗೆ ಜಾರಲಿ ಅಂದಳು. ಬಿಗಿಯುವವರಿದ್ದರು. ಸಡಿಲಿಸಿ ಹಿಡಿಯಲು ಕೈ ಸಾಲಲಿಲ್ಲ.

"ಮಾವ, ಆ ಹಗ್ಗ ಸ್ವಲ್ಪ ಹಿಡ್ಕೊಳ್ಳಿ" ಅಂದಳು.

ಮೂರ್ತಿ ಆ ಕಡೆ ಈ ಕಡೆ ನೋಡಿದರು. ಮಾವ ಅನ್ನಿಸಿಕೊಳ್ಳುವವರು ಅವರೊಬ್ಬರೇ. ಹಗ್ಗ ಹಿಡಿದರು. ನೀರು ಧಬಧಬ ಎಂದು ಹೊರಗೆ, ಅರ್ಧ ಅವರ ಬಿಳಿ ಶರ್ಟಿನ ಮೇಲೆ ಬಿತ್ತು. ಬಿಡಬೇಕೆಂದು ಹೊರಟರೆ "ಬಿಡಬೇಡಿ ಮಾವ, ಮತ್ತೆ ತುಂಬುತ್ತೆ" ಅಂದಳು. ಪೆನಾಲ್ಟಿ ಶೂಟೌಟ್ ಮುಗಿಯುವವರೆಗೂ ಆ ಮನುಷ್ಯ ಹಗ್ಗ ಹಿಡಿದೇ ನಿಂತಿದ್ದರು. ಯಾರು ಗೆದ್ದರೆಂದು ಆಮೇಲೆ ನನ್ನನ್ನು ಕೇಳಿದರು.

ಒಬ್ಬ ಮುದುಕಿಯೂ ನೆನೆಯಲಿಲ್ಲ. ದೋರ್ಜೆ ನಂಜಣ್ಣನ ಕೊರಳಿಗೆ ಬಿಳಿ ರೇಷ್ಮೆ ಶಾಲು ಹಾಕಿದ. ನಂಜಣ್ಣ ಅದನ್ನು ತೆಗೆದು ಏನು ಮಾಡುವುದೆಂದು ತಿಳಿಯದೆ ಮಂಗಳಮ್ಮನ ಹತ್ತಿರ ಬಂದ. ಮಗಳಿಗೆ ಹೇಳಲಿಲ್ಲ, ತಾಯಿಗೇ ಹೇಳಿದ.

"ನಾಳೆಯಿಂದ ನಿಮ್ಮ ಮಗಳನ್ನ ಎಂಟ್ ಗಂಟೆಗೇ ಕಳಿಸಬೇಕು ಕಣಕ್ಕ. ಶ್ರಾವಣ. ಉಸಿರಾಡಾಕೆ ಟೇಮ್ ಇರಾಕಿಲ್ಲ. ಮದ್ವೆ ಗಿದ್ವೆ ಅಂತ ಮಧ್ಯದಲ್ಲಿ ರಜಾ ಕೇಳಂಗಿಲ್ಲ, ಈಗ್ಲೇ ಹೇಳಿವ್ನಿ."

ಮಂಗಳಮ್ಮ ಅಣ್ಣನ ಕಡೆ ನೋಡಿದಳು. ಮೂರ್ತಿ ಶರ್ಟು ಹಿಂಡಿಕೊಳ್ಳುತ್ತಾ, "ನಾನೇನ್ ಹೇಳ್ಲಿ. ಮಾತ್ ಕೊಟ್ಟಿದ್ದೆ" ಅಂದರು. ನೀಲನ ಕಡೆ ತಿರುಗಿ, "ಹಗ್ಗ ಹಿಡಿಸಿದ್ದಕ್ಕೆ ಕೂಲಿ ಕೊಡ್ತೀಯೇನವ್ವ?" ಅಂದರು. ನೀಲ ನಕ್ಕಳು, ಆಮೇಲೆ ಅತ್ತಳು, ಬಿದಿರು ಮಾತ್ರ ಕೈಯಲ್ಲೇ ಇತ್ತು.

ಆಗಸ್ಟ್ 4, ಸೋಮವಾರ, ಬೆಳಗ್ಗೆ

ಇವತ್ತು ಅಂಗಡಿಗೆ ಹೋಗಬಾರದು ಎಂದು ತೀರ್ಮಾನ. ನಾನು ಹೋಗಿ ಕೂತರೆ ನಂಜಣ್ಣನ ಮನಸ್ಸು ಮತ್ತೆ ಹೊರಳೀತು. ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ರಿಪೋರ್ಟು ಬರೆಯುವುದು, ಇಂಗ್ಲಿಷಿನಲ್ಲೇ. 'ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಿದೆ. ಇಂಟರ್ನ್‌ಶಿಪ್‌ನಿಂದ ಕೆಲಸ ಸಿಗಲು ಅನುಕೂಲವಾಯಿತೇ ಎಂದು ಫಾರ್ಮಿನಲ್ಲಿ ಒಂದು ಪ್ರಶ್ನೆ ಇದೆ. ಆಯಿತು ಎಂದು ಬರೆಯಬಹುದು. ಆದರೆ ಪೂರ್ತಿ ಬರೆಯಬೇಕೆಂದರೆ ಮೂರ್ತಿಯ ಶರ್ಟಿನವರೆಗೂ ಬರೆಯಬೇಕು. ಅಷ್ಟು ಜಾಗ ಬಿಟ್ಟಿಲ್ಲ.

ಇಷ್ಟರಲ್ಲಿ ಫೋನು. ನೀಲ. ಹಿಂದೆ ಕುರ್ಚಿ ಎಳೆಯುವ ಸದ್ದು, ನಂಜಣ್ಣನ ಕೂಗು.

"ಎಲ್ಲಿದ್ದೀರಿ ಅಂಕಲ್?"

"ಮನೆಯಲ್ಲಿ. ಇನ್ನು ನಾನ್ಯಾಕಮ್ಮ..."

"ನನ್ನ ಇಂಟರ್ನ್‌ಶಿಪ್ ಮುಗೀತು. ನಿಮ್ಮದು ಶುಕ್ರವಾರದವರೆಗೆ ಇದೆ. ನಾನೀಗ ಸ್ಟಾಫು, ನೀವು ನನ್ನ ಕೈಕೆಳಗಿನ ಇಂಟರ್ನು. ಹಾಜರಿ ಹಾಕೋಳು ನಾನೇ."

"ಶುಕ್ರವಾರ ಆದ ಮೇಲೆ?"

"ಟೀ ಹನ್ನೊಂದು ಗಂಟೆಗೆ. ಅದಕ್ಕೆ ಇಂಟರ್ನ್‌ಶಿಪ್ ಯಾಕೆ ಬೇಕು. ಈಗ ಬನ್ನಿ, ಸಾಲಿಗ್ರಾಮದಿಂದ ಪಾರ್ಟಿ ಬಂದಿದ್ದಾರೆ, ಮಾತು ಮುಗಿಸ್ತಾನೇ ಇಲ್ಲ. ನಿಮ್ಮಂಥೋರೇ ಬೇಕು."

ಬೈದಳೋ ಹೊಗಳಿದಳೋ. ಆಕಾಶನೀಲಿ ಶರ್ಟು ನಿನ್ನೆ ನೆಂದದ್ದು ಇನ್ನೂ ಹಸಿ. ಇಸ್ತ್ರಿ ಕಾಯಲು ಇಟ್ಟು ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟು ಆಮೇಲೆ. ಮತ್ತೆ ಫೋನು ಹೊಡೆದುಕೊಳ್ಳುತ್ತಿದೆ, ಅವಳೇ ಇರಬೇಕು, ಎಲ್ಲಿ ಆ ಇನ್ನೊಂದು ಚಪ್ಪಲಿ —